ಭೀಮೆಯ ದೊಡ್ಡ ಮೀನಿಗೆ ಗಾಳ: ಪುಣೆಯ ಕನ್ನಡಿಗರ ಅನುಭವ

ಪ್ರಶ್ನೆ, ಚಾಕಣದಿಂದ:

ಎಲ್ಲರಿಗೂ ನಮಸ್ಕಾರ. ನಾನು ಇಂಡಿ ತಾಲ್ಲೂಕಿನವನು, ಇಲ್ಲಿ ಕಾರ್ಖಾನೆಯೊಂದರಲ್ಲಿ ಕೆಲಸ. ಊರಿನಲ್ಲಿ ಭೀಮಾ ದಂಡೆಯ ಮೇಲೆ ಬಿದಿರು ಕೋಲು, ಎರೆಹುಳು ಹಿಡಿದು ಕುಳಿತು ಅಂಗೈಯಗಲದ ಮೀನು ಹಿಡಿದು ಗೊತ್ತು. ಈಗ ಐದಾರು ಕಿಲೋದ ಮೀನನ್ನು ಗಾಳದಲ್ಲೇ ಹಿಡಿಯಬೇಕೆಂಬ ಆಸೆ. ಪುಣೆಯ ಸುತ್ತ ಎಲ್ಲಿಗೆ ಹೋಗಬೇಕು, ಏನೇನು ಕೊಳ್ಳಬೇಕು, ಯಾವ ಎರೆ ಹಾಕಬೇಕು? ಖರ್ಚು ಐದು ಸಾವಿರ ದಾಟಬಾರದು. ರಜೆ ಗುರುವಾರ ಒಂದೇ ದಿನ. ತಿಳಿದವರು ಹೇಳಿ.

ನಿಗಡಿಯಿಂದ ಉತ್ತರ:

ತಮ್ಮಾ, ಸಾಮಾನಿನ ಚಿಂತೆ ಆಮೇಲೆ ಮಾಡು. ಮೊದಲು ಜಾಗ ನೋಡು. ಒಳ್ಳೆಯ ಕೋಲು ಹಿಡಿದು ತಪ್ಪು ಜಾಗದಲ್ಲಿ ಕುಳಿತವನಿಗಿಂತ, ಸಾಧಾರಣ ಕೋಲು ಹಿಡಿದು ಸರಿಯಾದ ಮಡುವಿನ ಅಂಚಿನಲ್ಲಿ ಕುಳಿತವನಿಗೆ ಮೀನು ಸಿಗುತ್ತದೆ. ಇಷ್ಟು ವರ್ಷ ಹೊಳೆ ಸುತ್ತಿ ನಾನು ಕಲಿತದ್ದರಲ್ಲಿ ಇದೇ ಮುಖ್ಯವಾದದ್ದು.

ಊರೊಳಗಿನ ಮುಳಾ, ಮುಠಾ, ಪವನಾ ಬೇಡ. ಕೊಳಚೆ ನೀರು ಸೇರಿ ಅಲ್ಲಿ ಈಗ ಬದುಕುತ್ತಿರುವುದು ಹೆಚ್ಚಾಗಿ ಚಿಲಾಪಿ ಮತ್ತು ಆಫ್ರಿಕನ್ ಮಾಂಗೂರ್. ಹಿಡಿದರೂ ತಿನ್ನುವಂತಿಲ್ಲ. ಆಳಂದಿಯಲ್ಲಿ ಇಂದ್ರಾಯಣಿಯ ಮೇಲೆ ತೇಲುವ ನೊರೆಯನ್ನು ಒಮ್ಮೆ ನೋಡಿದರೆ ಯಾರೂ ಬೇರೆ ಹೇಳಬೇಕಾಗಿಲ್ಲ. ನೀನು ನಿನ್ನ ಭೀಮೆಯ ಬಳಿಗೇ ಹೋಗು. ಬೆಳಗಿನ ರೈಲು ಹತ್ತಿ ದೌಂಡದಲ್ಲಿ ಇಳಿದರೆ ಹೊಳೆ ಊರಿನ ಪಕ್ಕದಲ್ಲೇ ಇದೆ. ಇನ್ನೂ ಮುಂದೆ ಸೋಲಾಪುರ ಹೆದ್ದಾರಿಯಲ್ಲಿ ಭಿಗವಣ. ಅಲ್ಲಿಂದ ಉಜನಿ ಜಲಾಶಯದ ಹಿನ್ನೀರು. 1980ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಅದು. ಹಿನ್ನೀರಿನಲ್ಲಿ ಮೀನು ಹಿಡಿಯುವ ಹಕ್ಕು ಠೇಕಾ ಪಡೆದ ಮೀನುಗಾರರದು, ಕೇಳದೆ ಗಾಳ ಹಾಕಬೇಡ. ದಂಡೆಯಲ್ಲಿ ಬಲೆ ಒಣಗಿಸುತ್ತಿರುವ ಭೋಯಿ ಸಮಾಜದವರ ಹತ್ತಿರ ಹೋಗಿ ಒಂದು ಚಹಾ ಕುಡಿದು ಮಾತಾಡು. ಎಲ್ಲಿ ಆಳ, ಎಲ್ಲಿ ಕಲ್ಲು, ಎಲ್ಲಿ ಮುಳುಗಿದ ಮರ ಎಂದು ಅವರು ಹೇಳಿಕೊಡುವುದನ್ನು ಯಾವ ವಿಡಿಯೊ ನೋಡಿಯೂ ಕಲಿಯಲಾಗದು.

ಹೊಳೆಯನ್ನು ನೋಡುವ ಬಗೆ ಹೀಗೆ. ದೊಡ್ಡ ಮೀನು ಸುಮ್ಮನೆ ಶಕ್ತಿ ಖರ್ಚು ಮಾಡುವುದಿಲ್ಲ. ಹರಿವು ತಿಂಡಿ ಹೊತ್ತು ತರುವ ಕಡೆ, ಆದರೆ ತಾನು ಹರಿವಿಗೆ ಎದೆಯೊಡ್ಡಬೇಕಿಲ್ಲದ ಕಡೆ ನಿಲ್ಲುತ್ತದೆ. ಹೊಳೆ ತಿರುಗುವಲ್ಲಿ ಹೊರಬದಿಯ ದಂಡೆ ಕೊರೆದು ಆಳವಾಗಿರುತ್ತದೆ, ಅಲ್ಲಿ ನೋಡು. ಸೇತುವೆಯ ಕಂಬದ ಹಿಂದೆ ನೀರು ಸುತ್ತಿ ನಿಧಾನವಾಗುವಲ್ಲಿ ನೋಡು. ಹಳ್ಳ ಬಂದು ಸೇರುವ ಬಾಯಿಯಲ್ಲಿ, ತಿಳಿನೀರು ಮತ್ತು ಕೆಂಪುನೀರು ಗೆರೆ ಎಳೆದಂತೆ ಬೇರೆಯಾಗಿ ಕಾಣುವಲ್ಲಿ ನೋಡು. ಎರೆ ಇಲ್ಲದೆ ಬರೀ ಸೀಸದ ಗುಂಡನ್ನು ಎಸೆದು, ಅದು ತಳ ಮುಟ್ಟುವವರೆಗೆ ಎಣಿಸು. ಅಲ್ಲಲ್ಲಿ ಹೀಗೆ ಎಣಿಸಿದರೆ ತಳ ಎಲ್ಲಿ ಇಳಿಯುತ್ತದೆ, ಎಲ್ಲಿ ಏರುತ್ತದೆ ಎಂದು ತಿಳಿಯುತ್ತದೆ. ಮೆಲ್ಲಗೆ ಎಳೆದುಕೊಂಡಾಗ ಗುಂಡು ಜಾರಿದರೆ ಕೆಸರು, ತಟತಟ ಎಂದರೆ ಕಲ್ಲು, ಬರದೇ ಹೋದರೆ ಮರದ ಬೇರು. ಇಳಿಜಾರಿನ ಬುಡದಲ್ಲಿ ಎರೆ ಇಡು. ಗುರುವಾರ ಒಂದೇ ದಿನ ಇದ್ದರೂ ಮೊದಲ ಒಂದು ಗಂಟೆ ಇದಕ್ಕೇ ಕೊಡು.

ಮೀನುಗಳ ನಡತೆಯೂ ಬೇರೆ ಬೇರೆ. ಕಾಟ್ಲಾ ಮೀನಿನ ಬಾಯಿ ಮೇಲ್ಮುಖವಾಗಿರುತ್ತದೆ. ಅದು ಮೇಲ್ಭಾಗದ, ನಡುಮಟ್ಟದ ನೀರಿನಲ್ಲಿ ಮೇಯುತ್ತದೆ. ಹೀಗಾಗಿ ಬೆಂಡು ಕಟ್ಟಿ ಎರೆಯನ್ನು ತೂಗುಬಿಡಬೇಕು. ರೋಹು ಅದಕ್ಕಿಂತ ಕೆಳಗೆ, ಮೃಗಾಲ್ ತಳದಲ್ಲಿ. ಬಾಳೆ ಮೀನು ಮತ್ತು ಇಲ್ಲಿಯವರು ಶಿಂಗಾಳಾ ಎನ್ನುವ ಮೀಸೆ ಮೀನು ತಳ ಹಿಡಿದು ಬೇಟೆಯಾಡುತ್ತವೆ, ಸಂಜೆಯ ಮೇಲೆ ಚುರುಕು. ಯಾವುದು ಬೇಕು ಎಂದು ಮೊದಲೇ ನಿರ್ಧರಿಸು. ಎಲ್ಲದಕ್ಕೂ ಒಂದೇ ಗಾಳ ಎಂದರೆ ಆಗದು.

ವಾಕಡದಿಂದ ಉತ್ತರ:

ಸಾಮಾನಿನ ಬಗ್ಗೆ ನಾನು ಹೇಳುತ್ತೇನೆ. ಎಂಟು ಅಥವಾ ಒಂಬತ್ತು ಅಡಿಯ, ಸ್ವಲ್ಪ ಗಡುಸಾದ ಸ್ಪಿನ್ನಿಂಗ್ ಕೋಲು. 4000ದಿಂದ 6000ದವರೆಗಿನ ಅಳತೆಯ ರೀಲು. 0.40 ಮಿಲಿಮೀಟರ್ ದಪ್ಪದ ತಂಗೂಸಿ, ಅಂದರೆ ಒಂದೇ ಎಳೆಯ ನೈಲಾನ್ ದಾರ; ಮೊದಲಿಗೆ ಸಣ್ಣ ಎಳೆಗಳನ್ನು ಹೆಣೆದ ಬ್ರೇಡ್ ದಾರ ಬೇಡ, ಕಲ್ಲಿಗೆ ಉಜ್ಜಿದರೆ ತಂಗೂಸಿಗಿಂತ ಬೇಗ ಕಡಿಯುತ್ತದೆ. ಐದು ಸಾವಿರದೊಳಗೆ ಇಷ್ಟೂ ಆಗಿ ಇನ್ನೂ ಉಳಿಯುತ್ತದೆ. ಉಳಿದ ಹಣದಲ್ಲಿ ಉದ್ದ ಹಿಡಿಕೆಯ ಕೈಬಲೆಯೊಂದನ್ನು ಖಂಡಿತ ಕೊಳ್ಳಿ. ದೊಡ್ಡ ಮೀನು ಹೆಚ್ಚಾಗಿ ಕೈತಪ್ಪುವುದು ಹೊಳೆಯ ನಡುವೆ ಅಲ್ಲ, ದಂಡೆಯಿಂದ ಎರಡಡಿ ದೂರದಲ್ಲಿ.

ಕಟ್ಟುವ ಕ್ರಮ: ತೂತುಳ್ಳ ಸೀಸದ ಗುಂಡನ್ನು ದಾರದ ಮೇಲೆ ಜಾರುವಂತೆ ಪೋಣಿಸಿ, ಕೆಳಗೆ ಒಂದು ಮಣಿ, ಆಮೇಲೆ ಸ್ವಿವೆಲ್ (ದಾರ ಹುರಿಗೊಳ್ಳದಂತೆ ತಿರುಗುವ ಕೊಂಡಿ), ಅಲ್ಲಿಂದ ಒಂದೂವರೆ ಅಡಿ ದಾರಕ್ಕೆ ಗಾಳ. ಮೀನು ಎರೆ ಕಚ್ಚಿ ಎಳೆದಾಗ ದಾರ ಗುಂಡಿನೊಳಗಿಂದ ಜಾರುತ್ತದೆ, ಭಾರ ಅದರ ಬಾಯಿಗೆ ತಿಳಿಯುವುದಿಲ್ಲ. ಗಂಟು ಬಿಗಿಯುವ ಮುನ್ನ ಎಂಜಲು ಹಚ್ಚಿ ಒದ್ದೆ ಮಾಡಿ. ಒಣ ದಾರ ಬಿಗಿಯುವಾಗ ಬಿಸಿಯಾಗಿ ಅಲ್ಲೇ ಸೋಲುತ್ತದೆ. ಬಾಳೆ ಮೀನಿಗೆ ಹೋಗುವುದಾದರೆ ಗಾಳದ ಮೇಲೆ ಗೇಣುದ್ದ ಉಕ್ಕಿನ ತಂತಿ ಬೇಕೇ ಬೇಕು, ಅದರ ಬಾಯಿ ತುಂಬ ಸಣ್ಣ ಹಲ್ಲುಗಳಿರುತ್ತವೆ.

ಕೊಥರೂಡದಿಂದ ಉತ್ತರ:

ಹಾರವಾಡದ ಹುಡುಗಿ ನಾನು, ಮದುವೆಯಾಗಿ ಪುಣೆಗೆ ಬಂದೆ. ಅಪ್ಪನ ಜೊತೆ ಗಾಳ ಹಾಕಿ ಬೆಳೆದವಳು. ಮೀನು ಕಚ್ಚಿದ ಮೇಲೆ ಏನು ಮಾಡಬೇಕೆಂದು ಇಲ್ಲಿ ಯಾರೂ ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರೀಲಿನ ಡ್ರ್ಯಾಗ್ ಎಂದರೆ ದಾರ ಎಷ್ಟು ಜಗ್ಗಿದರೆ ಬಿಟ್ಟುಕೊಡಬೇಕು ಎಂಬ ಬಿಗಿ. ದಾರ ಕಡಿಯುವ ತೂಕದ ನಾಲ್ಕನೇ ಒಂದು ಭಾಗಕ್ಕೆ ಅದನ್ನು ಇಟ್ಟುಕೊಳ್ಳಿ. ನೀವು ತೆಗೆದುಕೊಳ್ಳುವ ದಾರ ಎಂಟು ಕಿಲೋ ತಡೆಯುವುದಾದರೆ, ಎರಡು ಲೀಟರ್ ನೀರಿನ ಬಾಟಲಿಯನ್ನು ದಾರಕ್ಕೆ ಕಟ್ಟಿ ಎತ್ತಿ. ಬಾಟಲಿ ನೆಲ ಬಿಟ್ಟು ಏಳುವಷ್ಟರಲ್ಲಿ ರೀಲು ಕಿರ್ ಎಂದು ದಾರ ಬಿಡತೊಡಗಿದರೆ ಬಿಗಿ ಸರಿಯಾಗಿದೆ. ಇದನ್ನು ಮನೆಯಲ್ಲೇ, ಬಾಲ್ಕನಿಯಲ್ಲಿ ನಿಂತು ಮಾಡಿ ನೋಡಿಕೊಳ್ಳಿ.

ಎರೆ ಹಾಕಿ ಕೋಲನ್ನು ಕವೆಯ ಮೇಲೆ ಇಟ್ಟಾಗ ಮಾತ್ರ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ, ಇಲ್ಲವಾದರೆ ಕೋಲೇ ನೀರಿಗೆ ಹೋಗುತ್ತದೆ. ಮೊದಲು ತುದಿ ಎರಡು ಬಾರಿ ಮಿಡುಕುತ್ತದೆ. ಕೈ ಹಾಕಬೇಡಿ. ಆಮೇಲೆ ದಾರ ನಿಧಾನವಾಗಿ, ನಿಲ್ಲದೆ ಹರಿಯತೊಡಗುತ್ತದೆ. ಆಗ ಡ್ರ್ಯಾಗ್ ಬಿಗಿ ಮಾಡಿ ಕೋಲನ್ನು ಹಿಂದಕ್ಕೆ ಎತ್ತಿ. ಮೀನು ಓಡಿದರೆ ಓಡಲಿ, ರೀಲು ತಿರುಗಿಸಬೇಡಿ. ಅದು ನಿಂತಾಗ ಕೋಲನ್ನು ಎತ್ತಿ ಎಳೆದು, ತುದಿ ಇಳಿಸುತ್ತಾ ದಾರ ಸುತ್ತಿಕೊಳ್ಳಿ. ಮತ್ತೆ ಎತ್ತಿ, ಮತ್ತೆ ಸುತ್ತಿ. ದಾರ ಒಂದು ಕ್ಷಣವೂ ಸಡಿಲವಾಗಬಾರದು. ಮೀನು ಬೇರಿನ ಕಡೆ ಹೊರಟರೆ ಕೋಲನ್ನು ನೆಟ್ಟಗೆ ಹಿಡಿಯದೆ ಎದುರು ಬದಿಗೆ ಮಲಗಿಸಿ ಎಳೆಯಿರಿ, ಅದರ ತಲೆ ತಿರುಗುತ್ತದೆ. ದಂಡೆ ಕಂಡಾಗ ಅದು ಇನ್ನೊಮ್ಮೆ ಓಡುತ್ತದೆ. ಹೆಚ್ಚಿನವರು ಸೋಲುವುದು ಆಗಲೇ, ಖುಷಿಯಲ್ಲಿ ಬಿಗಿ ಹೆಚ್ಚಿಸಿರುತ್ತಾರೆ. ಬಲೆಯನ್ನು ಮೊದಲೇ ನೀರಿನಲ್ಲಿ ಮುಳುಗಿಸಿಟ್ಟು ಮೀನನ್ನು ಅದರ ಮೇಲಕ್ಕೆ ತನ್ನಿ, ಬಲೆ ಹಿಡಿದು ಮೀನನ್ನು ಅಟ್ಟಬೇಡಿ.

ಶಿಂಗಾಳಾ ಸಿಕ್ಕಿದರೆ ಬೆನ್ನಿನ ಮತ್ತು ಎರಡೂ ಪಕ್ಕೆಯ ಮುಳ್ಳಿನ ಬಗ್ಗೆ ಎಚ್ಚರ. ಚುಚ್ಚಿಸಿಕೊಂಡರೆ ಗಾಯ ತೊಳೆದು, ತಡೆದುಕೊಳ್ಳುವಷ್ಟು ಬಿಸಿಯಿರುವ ನೀರಿನಲ್ಲಿ ಕೈ ಅದ್ದಿದರೆ ನೋವು ಇಳಿಯುತ್ತದೆ. ಆಳವಾಗಿದ್ದರೆ ವೈದ್ಯರಿಗೆ ತೋರಿಸಿ.

ಚಾಕಣದಿಂದ ಮತ್ತೆ ಪ್ರಶ್ನೆ:

ಅಕ್ಕಾ, ಅಣ್ಣಂದಿರೇ, ತುಂಬ ಉಪಕಾರವಾಯಿತು. ಎರೆಯ ವಿಷಯ ಉಳಿಯಿತು. ಕಾವೇರಿ ಕಡೆಯವರು ಮಹಶೀರ್ ಮೀನಿಗೆ ರಾಗಿ ಮುದ್ದೆ ಹಾಕುತ್ತಾರೆಂದು ಕೇಳಿದ್ದೇನೆ. ಇಲ್ಲಿ ಮಹಶೀರ್ ಸಿಗುತ್ತದೆಯೇ?

ನಿಗಡಿಯಿಂದ ಉತ್ತರ:

ರಾಗಿ ಮುದ್ದೆ ನಿಜ. ಕಾವೇರಿಯಲ್ಲಿ ತಲೆಮಾರುಗಳಿಂದ ಅದೇ ಎರೆ. ಇಲ್ಲಿ ಕಾಟ್ಲಾ, ರೋಹುಗಳಿಗೆ ಗೋಧಿ ಹಿಟ್ಟು, ಹುರಿಗಡಲೆ ಪುಡಿ, ಶೇಂಗಾ ಹಿಂಡಿ ಕಲಸಿ, ಚಿಟಿಕೆ ಇಂಗು ಸೇರಿಸಿ ಗಟ್ಟಿಯಾಗಿ ನಾದು. ಎಸೆದಾಗ ಗಾಳದಿಂದ ಕಳಚಬಾರದು, ನೀರಿನಲ್ಲಿ ಅರ್ಧ ಗಂಟೆಯಲ್ಲಿ ಕರಗತೊಡಗಬೇಕು. ಅದೇ ಹಿಂಡಿಗೆ ತೌಡು ಸೇರಿಸಿ ನಾಲ್ಕು ಉಂಡೆಗಳನ್ನು ಗಾಳ ಹಾಕುವ ಜಾಗಕ್ಕೆ ಮೊದಲೇ ಎಸೆ, ಹೆಚ್ಚು ಬೇಡ. ಹೊಟ್ಟೆ ತುಂಬಿದ ಮೀನು ಗಾಳ ಮುಟ್ಟುವುದಿಲ್ಲ. ಶಿಂಗಾಳಾಕ್ಕೆ ಎರೆಹುಳುವಿನ ಗೊಂಚಲು ಅಥವಾ ಕೋಳಿ ಕರುಳು. ಬಾಳೆ ಮೀನಿಗೆ ಸತ್ತ ಸಣ್ಣ ಮೀನು.

ಮಹಶೀರ್ ಬೇಡ, ತಮ್ಮಾ. ದಖ್ಖನಿನ ಮಹಶೀರನ್ನು ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ 1839ರಲ್ಲಿ ಮೊದಲು ವಿವರಿಸಿ ಹೆಸರಿಟ್ಟದ್ದು ಇದೇ ಪುಣೆಯ ಮುಳಾ–ಮುಠಾದಲ್ಲಿ ಸಿಕ್ಕ ಮೀನಿನಿಂದ. ಇಂದು ಆ ನದಿಯಲ್ಲೇ ಅದಕ್ಕೆ ಉಸಿರಾಡಲು ನೀರಿಲ್ಲ, ನೆನೆದರೆ ಹೊಟ್ಟೆ ಉರಿಯುತ್ತದೆ. ಲೋಣಾವಳಾ ಬಳಿಯ ಟಾಟಾ ಪವರ್‌ನವರ ಮರಿ ಕೇಂದ್ರದಲ್ಲಿ 1970ರ ದಶಕದಿಂದ ಈ ಮೀನಿನ ಮರಿ ಮಾಡಿ ಬೇರೆ ಬೇರೆ ನೀರಿಗೆ ಬಿಡುತ್ತಾ ಬಂದಿದ್ದಾರೆ. ಆಕಸ್ಮಿಕವಾಗಿ ಸಿಕ್ಕಿದರೆ ನೀರಿನಿಂದ ಹೊರಗೆ ತೆಗೆಯದೆ ಗಾಳ ಬಿಡಿಸು, ತಲೆಯನ್ನು ಹರಿವಿಗೆ ಎದುರು ಮಾಡಿ ಎರಡೂ ಕೈಯಲ್ಲಿ ಹಿಡಿದಿರು, ತಾನಾಗಿ ಬಾಲ ಬೀಸಿ ಹೋಗುವವರೆಗೆ. ದೇಹುವಿನಲ್ಲಿ, ಮಹಾಡ್ ಬಳಿಯ ವಾಳಣ ಕೊಂಡ ಎಂಬ ಮಡುವಿನಲ್ಲಿ ಜನ ಮಹಶೀರನ್ನು ದೇವರ ಮೀನೆಂದು ಕಾಪಾಡಿಕೊಂಡು ಬಂದಿದ್ದಾರೆ, ನಮ್ಮ ಶೃಂಗೇರಿಯಲ್ಲಿ ಇರುವ ಹಾಗೆಯೇ. ಅಂಥ ಕಡೆ ಕೋಲು ಬಿಚ್ಚಲೇಬಾರದು.

ಹಡಪಸರದಿಂದ ಉತ್ತರ:

ಒಂದೇ ಮಾತು ಸೇರಿಸುತ್ತೇನೆ. ಮಳೆಗಾಲದಲ್ಲಿ ಹೋಗಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೀನು ಮೊಟ್ಟೆ ಇಡುವ ಕಾಲ. ಜೊತೆಗೆ ಖಡಕವಾಸ್ಲಾದಂಥ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಭೀಮೆಯಲ್ಲೂ ಮಟ್ಟ ಏರುತ್ತದೆ. ಇಲ್ಲಿ ಬಿಸಿಲಿದ್ದರೂ ಘಟ್ಟದಲ್ಲಿ ಮಳೆಯಾಗಿರುತ್ತದೆ. ಅಕ್ಟೋಬರ್ ಕೊನೆಗೆ ನೀರು ತಿಳಿಯಾದ ಮೇಲೆ ಶುರು ಮಾಡಿ. ಚಳಿಗಾಲದ ನಡುವೆ ಕಾಟ್ಲಾ ಮಂಕಾಗಿರುತ್ತದೆ, ಫೆಬ್ರುವರಿಯಿಂದ ಮೇವರೆಗೆ ಮತ್ತೆ ಚೆನ್ನಾಗಿ ಮೇಯುತ್ತದೆ. ಯಾವ ಕಾಲದಲ್ಲೇ ಆಗಲಿ, ದಂಡೆಯ ನೀರಂಚಿನಲ್ಲಿ ಒಂದು ಕಡ್ಡಿ ನೆಟ್ಟು ಕುಳಿತುಕೊಳ್ಳಿ. ಕಡ್ಡಿಯ ಬುಡ ಮುಳುಗಿದರೆ, ತಿಳಿನೀರು ಕೆಂಪಾಗಿ ಕಸಕಡ್ಡಿ ತೇಲಿ ಬಂದರೆ, ಕೋಲು ಬಿಟ್ಟಾದರೂ ಮೇಲೆ ಹತ್ತಿ. ಈಜು ಬರುವವರಾದರೂ ಲೈಫ್ ಜಾಕೆಟ್ ಇಲ್ಲದೆ ತೆಪ್ಪ ಹತ್ತಬೇಡಿ. ನವೆಂಬರ್‌ನ ಯಾವುದಾದರೂ ಗುರುವಾರ ದೌಂಡಕ್ಕೆ ಹೊರಡುವುದಿದ್ದರೆ ಇಲ್ಲಿ ತಿಳಿಸಿ, ನನಗೂ ಅಂದೇ ರಜೆ, ಹಡಪಸರ ಸ್ಟೇಷನ್‌ನಲ್ಲಿ ಹತ್ತುತ್ತೇನೆ.