ತಗ್ಗಿನ ಜಾಗದಲ್ಲಿ ಮನೆ: ಮಳೆ ನೀರಿಗೆ ನೀವು ಏನು ಮಾಡಿದಿರಿ?

ಸರ್ಜಾಪುರದ ಹತ್ತಿರ ನಮ್ಮದು ಒಂದು ಎಕರೆ ಜಾಗ ಇದೆ. ಎಂಟು ಮನೆ ಕಟ್ಟಿಸುವ ಯೋಚನೆ. ಜಾಗ ಸ್ವಲ್ಪ ತಗ್ಗು. ಮೂರು ಅಡಿ ಮಣ್ಣು ತುಂಬಿಸಿ ನಾಲ್ಕು ಇಂಗುಬಾವಿ ತೋಡಿಸಿದರೆ ಸಾಕು ಅಂತಾರೆ ಮೇಸ್ತ್ರಿ. ಅನುಭವ ಇದ್ದವರು ಹೇಳಿ.

ಉತ್ತರ 1
ಮಣ್ಣು ಆಮೇಲೆ ಸರ್. ಮೊದಲು ಗ್ರಾಮ ನಕ್ಷೆ ತೆಗೆಸಿ. ಸರ್ವೆ ನಕ್ಷೆ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲೂ ಸರ್ವೆ ನಂಬರ್ ಹಾಕಿ ನೋಡಿ. ನಕ್ಷೆಯಲ್ಲಿ ಕಾಲುವೆ ಇದ್ದರೆ, ಜಾಗದಲ್ಲಿ ಈಗ ಕಾಣದಿದ್ದರೂ ನೀರಿನ ದಾರಿ ಅದೇ. ಅಲ್ಲಿ ಮಣ್ಣು ತುಂಬಿದರೆ ನೀರು ಪಕ್ಕದವರ ಮನೆಗೆ ನುಗ್ಗುತ್ತದೆ, ಅವರು ನಿಮ್ಮ ಮನೆಗೆ ಬರುತ್ತಾರೆ.

ಇನ್ನು ಲೆಕ್ಕ. ಒಂದು ಎಕರೆಗೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. ಹೊಲವಾಗಿದ್ದಾಗ ಅದರಲ್ಲಿ ಒಂದಷ್ಟು ಇಂಗುತ್ತಿತ್ತು. ಚಾವಣಿ, ಕಾಂಕ್ರೀಟ್ ರಸ್ತೆ ಬಂದ ಮೇಲೆ ಬಹುತೇಕ ಹರಿದೇ ಹೋಗುತ್ತದೆ. 3 ಅಡಿ ಅಗಲ, 20 ಅಡಿ ಆಳದ ಇಂಗುಬಾವಿ ಒಂದು ಸಲಕ್ಕೆ ಹಿಡಿಯುವುದು 4,000 ಲೀಟರ್ ಅಷ್ಟೇ. ನಾಲ್ಕು ಬಾವಿ ಎಲ್ಲಿ ಸಾಲುತ್ತದೆ? ನಾವು ಆಟದ ಹುಲ್ಲುಹಾಸನ್ನೇ ತಗ್ಗಿಸಿದೆವು. 4 ಗುಂಟೆ ಜಾಗವನ್ನು ಒಂದೂವರೆ ಅಡಿ ತಗ್ಗಿಸಿದರೆ 1.8 ಲಕ್ಷ ಲೀಟರ್ ನಿಲ್ಲುತ್ತದೆ. ಅದರಿಂದ ಸಣ್ಣ ಪೈಪಿನಲ್ಲಿ ನಿಧಾನವಾಗಿ ಚರಂಡಿಗೆ ಬಿಡಿ. ಜೋರು ಮಳೆಗೆ ತುಂಬಿ ಹರಿಯಲು ಬೇರೆ ಕೋಡಿಯೂ ಇರಲಿ, ಮನೆಗಳ ನೆಲಕ್ಕಿಂತ ಚೆನ್ನಾಗಿ ಕೆಳಗೆ. ಮಕ್ಕಳು ಮಳೆ ನಿಂತ ಮಾರನೇ ದಿನ ಅಲ್ಲೇ ಆಡುತ್ತಾರೆ. ಇಷ್ಟಕ್ಕೆ ಒಂದು ಸೈಟು ಬಿಟ್ಟುಕೊಡಬೇಕಾಗುತ್ತದೆ, ಪಾಲುದಾರರನ್ನು ಒಪ್ಪಿಸುವುದೇ ಕಷ್ಟ.

ಉತ್ತರ 2
ಮೇಲಿನ ಮಾತು ಸರಿ. ಆದರೆ ಕೆರೆಯ ಹತ್ತಿರದ ಜಾಗವಾದರೆ ಮಳೆಗಾಲದಲ್ಲಿ ಅಂತರ್ಜಲ ಮೇಲೇ ಇರುತ್ತದೆ, ಇಂಗುಬಾವಿಯಲ್ಲಿ ನೀರು ಇಂಗುವುದೇ ಇಲ್ಲ. ಮೊದಲು ಸುಮ್ನೆ ಒಂದು ಗುಂಡಿ ತೋಡಿಸಿ, ಟ್ಯಾಂಕರ್ ನೀರು ಸುರಿದು, ಎಷ್ಟು ಹೊತ್ತಿಗೆ ಇಳಿಯುತ್ತದೆ ನೋಡಿ.

ಕೆಲಸ ನಡೆಯುವಾಗ ಅಗೆದ ಮಣ್ಣನ್ನು ಚರಂಡಿ ಪಕ್ಕ ಗುಡ್ಡೆ ಹಾಕಿಸಬೇಡಿ. ಮುಂಗಾರು ಶುರುವಾಗುವ ಮುಂಚಿನ ಒಂದೇ ಮಳೆ ಸಾಕು, ಚರಂಡಿ ಮುಚ್ಚುತ್ತದೆ. ಬಾವಿಗೆ ಹೋಗುವ ನೀರಿಗೂ ಹೂಳು ನಿಲ್ಲುವ ತೊಟ್ಟಿ ಬೇಕೇ ಬೇಕು.

ಉತ್ತರ 3
ಬೇಸ್‌ಮೆಂಟ್ ಇದೆಯಾ? 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಪೂರ್ವ ಭಾಗದಲ್ಲಿ ಎಷ್ಟೊಂದು ಬೇಸ್‌ಮೆಂಟ್ ತುಂಬಿದವು, ನೆನಪಿದೆ ಅಲ್ವಾ? ಇಳಿಯುವ ರ‍್ಯಾಂಪಿನ ಬಾಯಲ್ಲಿ ಉಬ್ಬು ಕಟ್ಟಿಸಿ. ಕರೆಂಟ್ ಪ್ಯಾನಲ್, ಜನರೇಟರ್ ಮೇಲೆಯೇ ಇಡಿ. ಕೆಳಗಿದ್ದರೆ ಪಂಪ್ ಬೇಕಾದ ಹೊತ್ತಿಗೇ ಕರೆಂಟ್ ಇರುವುದಿಲ್ಲ. ಒಳಚರಂಡಿ ಪೈಪಿಗೆ ನೀರು ವಾಪಸ್ ಬರದ ವಾಲ್ವ್ ಹಾಕಿಸುವುದನ್ನೂ ಪ್ಲಂಬರ್‌ಗೆ ಈಗಲೇ ಹೇಳಿ.