7 ದಿನದ ಮರಿಮೀನಿನ ಮೂಳೆಗೆ ಅಲಿಜರಿನ್ ಹಿಡಿಯುತ್ತಿಲ್ಲ, ವಾನ್ ಕೊಸ್ಸಾದಲ್ಲೂ ಕಪ್ಪಿಲ್ಲ. ತಪ್ಪೆಲ್ಲಿ?

ಮೀನ್‌ಮರಿ:

ಜೀಬ್ರಾಫಿಶ್ ಮರಿಗಳು, ಮೊಟ್ಟೆ ಫಲಿತವಾಗಿ 7 ದಿನ ಕಳೆದಂಥವು. ಒಂದೇ ಮರಿಯಲ್ಲಿ ಮೃದ್ವಸ್ಥಿ ನೀಲಿಯಾಗಿ, ಮೂಳೆ ಕೆಂಪಾಗಿ ಕಾಣಬೇಕು. ಮಾಡಿದ ಕ್ರಮ: ಶೇ. 4ರ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಮೂರು ವಾರ ಫ್ರಿಜ್ಜಿನಲ್ಲಿ. 7 ಪಾಲು ಎಥನಾಲ್, 3 ಪಾಲು ಅಸಿಟಿಕ್ ಆಮ್ಲದಲ್ಲಿ ಕರಗಿಸಿದ ಶೇ. 0.1ರ ಆಲ್ಸಿಯನ್ ಬ್ಲೂ (ಮೃದ್ವಸ್ಥಿಯ ನೀಲಿ ಬಣ್ಣ) ರಾತ್ರಿಯಿಡೀ, ಪ್ರೋಟೀನ್ ಕರಗಿಸುವ ಟ್ರಿಪ್ಸಿನ್ ಒಂದು ಗಂಟೆ, ಕೊನೆಗೆ ಶೇ. 0.5ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕ್ಯಾಲ್ಸಿಯಂ ಹಿಡಿಯುವ ಕೆಂಪು ಬಣ್ಣ ಅಲಿಜರಿನ್ ರೆಡ್ ಎಸ್.

ನೀಲಿ ಗಾಢವಾಗಿಯೇ ಬಂದಿದೆ. ಕೆಂಪು ಮಾತ್ರ ಕಿವಿರುಮುಚ್ಚಳದ ಮೂಳೆಯಲ್ಲೂ ಭುಜದ ಮೂಳೆ ಕ್ಲೀತ್ರಮ್‌ನಲ್ಲೂ ತೆಳು ಗುಲಾಬಿಯಷ್ಟೇ. ಒಳಗಿವಿಯ ಚೀಲ ಖಾಲಿ, ಅದರೊಳಗಿನ ಪುಟ್ಟ ಕಲ್ಲು ಓಟೋಲಿತ್ ಇಲ್ಲವೇ ಇಲ್ಲ. ಅದೇ ತಂಡದ ಕೆಲವು ಮರಿಗಳನ್ನು ಇಡಿಟಿಎಯಲ್ಲಿ ಹತ್ತು ದಿನ ಇಟ್ಟು, ಪ್ಯಾರಾಫಿನ್‌ನಲ್ಲಿ ಕೂರಿಸಿ, 5 ಮೈಕ್ರಾನ್ ಸೆಕ್ಷನ್ ತೆಗೆದು ವಾನ್ ಕೊಸ್ಸಾ (ಖನಿಜವಿರುವ ಕಡೆ ಬೆಳ್ಳಿಯಿಂದ ಕಪ್ಪು ಬರಿಸುವ ವಿಧಾನ) ಮಾಡಿದರೂ ಕಪ್ಪು ಬಂದಿಲ್ಲ. ಈ ಮರಿಗಳಲ್ಲಿ ಖನಿಜ ಕೂರುವುದೇ ಕೆಟ್ಟಿದೆ ಅಂತ ಹೇಳಬಹುದೇ?

ಸ್ಲೈಡುಪೆಟ್ಟಿಗೆ:

ಹೇಳಲಾಗದು. ಖನಿಜ ಕೂತಿತ್ತು, ಬಣ್ಣ ಹಾಕುವ ಮೊದಲೇ ಕರಗಿಹೋಗಿದೆ. ಸಾಕ್ಷಿ ನಿಮ್ಮ ಖಾಲಿ ಚೀಲವೇ. ಓಟೋಲಿತ್ ಮೊದಲ ದಿನದಲ್ಲೇ ಮೂಡುತ್ತದೆ; ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಹಾಗಾಗಿ ಆಮ್ಲ ಸೋಕಿದರೆ ಮೂಳೆಯ ಫಾಸ್ಫೇಟಿಗಿಂತ ಮೊದಲು ಹೋಗುವುದು ಅದೇ. 7ನೇ ದಿನ ಅದು ಕಾಣದಿದ್ದರೆ ಮೊದಲು ದ್ರಾವಣವನ್ನು ಅನುಮಾನಿಸಿ, ಮರಿಯನ್ನಲ್ಲ.

ಆಮ್ಲ ಬಂದಿರಬಹುದಾದ ಕಡೆ ಎರಡು. ಒಂದು ಆಲ್ಸಿಯನ್ ಬ್ಲೂ. ಶೇ. 30ರ ಅಸಿಟಿಕ್ ಆಮ್ಲದಲ್ಲಿ ಒಂದು ರಾತ್ರಿ ಎಂದರೆ, ದೊಡ್ಡ ಮೀನಿನ ದಪ್ಪ ಮೂಳೆ ಹೇಗೋ ತಾಳಿಕೊಂಡೀತು, ಕೆಲವೇ ಮೈಕ್ರಾನ್ ದಪ್ಪದ ಮರಿಮೂಳೆ ತಾಳುವುದಿಲ್ಲ. ಇನ್ನೊಂದು ಫಿಕ್ಸೆಟಿವ್, ಅಂದರೆ ಅಂಗಾಂಶ ಕೆಡದಂತೆ ಹಿಡಿದಿಡುವ ಆ ಪ್ಯಾರಾಫಾರ್ಮಾಲ್ಡಿಹೈಡ್ ದ್ರಾವಣ. ಪುಡಿ ಕರಗಲಿ ಅಂತ ಕ್ಷಾರ ಹಾಕಿ, ಆಮೇಲೆ ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ ಇಳಿಸುವಾಗ ಒಂದು ಹನಿ ಹೆಚ್ಚಾದರೂ ಕೆಟ್ಟಿತು. ಹಳೆಯ ಫಾರ್ಮಾಲ್ಡಿಹೈಡ್ ತಾನಾಗಿಯೂ ಫಾರ್ಮಿಕ್ ಆಮ್ಲವಾಗುತ್ತಾ ಹೋಗುತ್ತದೆ. ಪಿಎಚ್ 7.2ರಿಂದ 7.4 ಇರಬೇಕು, ಬಳಸುವ ದಿನವೇ ಅಳೆಯಬೇಕು. ಮೂರು ವಾರ ಇಡುವ ಅಗತ್ಯವೂ ಇಲ್ಲ: ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆ ಸಾಕು.

ಆಮ್ಲವಿಲ್ಲದ ಎರಡು ಬಣ್ಣದ ಕ್ರಮ ಹೀಗೆ. 100 ಮಿ.ಲೀ.ಗೆ: ಶೇ. 70 ಎಥನಾಲ್‌ನಲ್ಲಿ ಮಾಡಿಟ್ಟ ಶೇ. 0.4ರ ಆಲ್ಸಿಯನ್ ಬ್ಲೂ 5 ಮಿ.ಲೀ., ಶೇ. 95ರ ಎಥನಾಲ್ 70 ಮಿ.ಲೀ., 1 ಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ 6 ಮಿ.ಲೀ., ನೀರು 19 ಮಿ.ಲೀ. ಬಳಸುವ ಹೊತ್ತಿಗೆ, ಇದರ ಪ್ರತಿ ಮಿ.ಲೀ.ಗೆ ಶೇ. 0.5ರ ಅಲಿಜರಿನ್ 10 ಮೈಕ್ರೋಲೀಟರ್ ಸೇರಿಸಿ. ಫಿಕ್ಸ್ ಆದ ಮರಿಯನ್ನು ತೊಳೆದು, ಶೇ. 50ರ ಎಥನಾಲ್‌ನಲ್ಲಿ ಹತ್ತು ನಿಮಿಷ ಇಟ್ಟು, ಈ ಬಣ್ಣದಲ್ಲಿ ರಾತ್ರಿಯಿಡೀ ನಿಧಾನವಾಗಿ ಅಲುಗಾಡಿಸಿ. ಅಸಿಟಿಕ್ ಆಮ್ಲ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮೆಗ್ನೀಸಿಯಂ ಮಾಡುತ್ತದೆ: ಕಂಡಕಂಡ ಋಣ ಆವೇಶಕ್ಕೆಲ್ಲ ನೀಲಿ ಅಂಟದಂತೆ ತಡೆದು, ಮೃದ್ವಸ್ಥಿಯ ಸಲ್ಫೇಟ್ ಗುಂಪುಗಳಿಗಷ್ಟೇ ಬಿಡುತ್ತದೆ. ಅದನ್ನು ಹೆಚ್ಚಿಸಿದರೆ ಎಳೆಯ ಮರಿಯಲ್ಲಿ ನೀಲಿಯೂ ತೆಳ್ಳಗಾಗುತ್ತದೆ. ಫಾಸ್ಫೇಟ್ ಬಫರ್ ಸರಿಯಾಗಿ ತೊಳೆದುಹೋಗದಿದ್ದರೆ ಎಥನಾಲ್‌ನಲ್ಲಿ ಲವಣ ಬಿಳಿ ಹಿಟ್ಟಿನಂತೆ ಇಳಿದು ಚರ್ಮಕ್ಕೆ ಮೆತ್ತಿಕೊಳ್ಳುತ್ತದೆ, ನೋಡಿಕೊಳ್ಳಿ.

ಆಮೇಲೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಶೇ. 2ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸಮಪಾಲು ಬೆರೆಸಿ 20 ನಿಮಿಷ. ಟ್ಯೂಬಿನ ಮುಚ್ಚಳ ತೆಗೆದೇ ಇರಲಿ. ಕಣ್ಣಿನ ಕಪ್ಪು ಕಂದಾಗುತ್ತಿದ್ದಂತೆ ನಿಲ್ಲಿಸಿ. ಪೂರ್ತಿ ಬೆಳ್ಳಗಾಗಲಿ ಅಂತ ಕಾದರೆ ಒಳಗೆ ಗುಳ್ಳೆ ಹುಟ್ಟಿ ಮರಿ ಹಿಗ್ಗಿ ಹರಿಯುತ್ತದೆ. ಕೊನೆಗೆ ಶೇ. 20, ನಂತರ ಶೇ. 50 ಗ್ಲಿಸರಾಲ್, ಎರಡರಲ್ಲೂ ಶೇ. 0.25 ಪೊಟ್ಯಾಸಿಯಂ ಹೈಡ್ರಾಕ್ಸೈಡ್. ತೆಗೆದಿಡುವುದು ಶೇ. 50 ಗ್ಲಿಸರಾಲ್‌ನಲ್ಲಿ, ಕ್ಷಾರ ಶೇ. 0.1ಕ್ಕೆ ಇಳಿಸಿ, 4 ಡಿಗ್ರಿಯಲ್ಲಿ. ಈ ವಯಸ್ಸಿಗೆ ಟ್ರಿಪ್ಸಿನ್ ಬೇಡ.

ಸರಿಯಾಗಿ ಬಂದರೆ ಕ್ಲೀತ್ರಮ್, ಕಿವಿರುಮುಚ್ಚಳ, ಗಂಟಲಿನ ಹಲ್ಲು, ತಲೆಬುರುಡೆಯ ತಳದ ಪ್ಯಾರಾಸ್ಫೀನಾಯ್ಡ್ ಮೂಳೆ, ಬೆನ್ನಹುರಿಯಡಿಯ ದಂಡ ನೋಟೋಕಾರ್ಡಿನ ಮುಂತುದಿ, ಓಟೋಲಿತ್ ಎಲ್ಲವೂ ಕೆಂಪು. ಬೆನ್ನುಮೂಳೆಯ ವಿಷಯದಲ್ಲಿ ದಿನ ಎಣಿಸಬೇಡಿ, ಮರಿಯ ಉದ್ದ ಅಳೆಯಿರಿ. ಒಂದೇ ದಿನ ಹುಟ್ಟಿದ ಮರಿಗಳಲ್ಲೇ ಒಂದಕ್ಕೆ ನಾಲ್ಕೈದು ಕಶೇರು ಕೆಂಪಾಗಿರುತ್ತವೆ, ಇನ್ನೊಂದಕ್ಕೆ ಒಂದೂ ಇರುವುದಿಲ್ಲ.

ಓರೆಬೆಳಕು:

ವಾನ್ ಕೊಸ್ಸಾ ಬಗ್ಗೆ. ಇಡಿಟಿಎ ಇರುವುದೇ ಕ್ಯಾಲ್ಸಿಯಂ ಕಿತ್ತುಕೊಳ್ಳುವುದಕ್ಕೆ. ಹತ್ತು ದಿನ ಅದರಲ್ಲಿಟ್ಟು ಆಮೇಲೆ ಖನಿಜ ಹುಡುಕಿದರೆ ಸಿಗುವುದಾದರೂ ಏನು? 7 ದಿನದ ಮರಿಯನ್ನು ಕತ್ತರಿಸಲು ಖನಿಜ ತೆಗೆಯಬೇಕಾಗಿಯೇ ಇಲ್ಲ. ಕ್ರಯೋಸೆಕ್ಷನ್ (ಹೆಪ್ಪುಗಟ್ಟಿಸಿ ಕೊಯ್ದ ಪದರ) ಅಥವಾ ಪ್ಲಾಸ್ಟಿಕ್ ರೆಸಿನ್ ಸಾಕು. ಬೆಳೆದ ಪ್ರಾಣಿಯ ಗಟ್ಟಿ ಮೂಳೆಯಾದರೆ ಮೀಥೈಲ್ ಮೆಥಾಕ್ರಿಲೇಟ್‌ನಲ್ಲಿ ಕೂರಿಸಿ ಟಂಗ್‌ಸ್ಟನ್ ಕಾರ್ಬೈಡ್ ಅಲಗಿನಿಂದ ಕೊಯ್ಯುತ್ತಾರೆ.

ವಾನ್ ಕೊಸ್ಸಾದ ಬೆಳ್ಳಿ ಕ್ಯಾಲ್ಸಿಯಂ ಅನ್ನು ಹಿಡಿಯುವುದೇ ಇಲ್ಲ. ಕ್ಯಾಲ್ಸಿಯಂ ಇದ್ದ ಜಾಗಕ್ಕೆ ಹೊಕ್ಕು, ಅಲ್ಲಿನ ಫಾಸ್ಫೇಟ್ ಅಥವಾ ಕಾರ್ಬೊನೇಟ್ ಜೊತೆ ಸೇರಿ, ಬೆಳಕಿಗೆ ಕಪ್ಪಾಗುತ್ತದೆ. ಶೇ. 5ರ ಸಿಲ್ವರ್ ನೈಟ್ರೇಟ್, ಪ್ರಖರ ದೀಪದ ಕೆಳಗೆ 20ರಿಂದ 60 ನಿಮಿಷ, ತೊಳೆತ, ಶೇ. 5ರ ಸೋಡಿಯಂ ಥಯೋಸಲ್ಫೇಟ್ 5 ನಿಮಿಷ, ಮತ್ತೆ ತೊಳೆತ, ನ್ಯೂಕ್ಲಿಯರ್ ಫಾಸ್ಟ್ ರೆಡ್ 5 ನಿಮಿಷ. ಐದೈದು ನಿಮಿಷಕ್ಕೊಮ್ಮೆ ಸ್ಲೈಡನ್ನು ಕಣ್ಣಲ್ಲೇ ನೋಡುತ್ತಿರಿ. ಹಿನ್ನೆಲೆಯ ಅಂಗಾಂಶ ಕಂದು ತಿರುಗಿತೆಂದರೆ ಬೆಳಕು ಹೆಚ್ಚಾಯಿತು.

ಮೋಸ ಮಾಡುವುದು ಕ್ಲೋರೈಡ್. ನಲ್ಲಿ ನೀರಿನಲ್ಲೋ ಉಪ್ಪಿನ ಬಫರಿನಲ್ಲೋ ತೊಳೆದ ಸ್ಲೈಡಿಗೆ ನೇರ ಬೆಳ್ಳಿ ಸುರಿದರೆ ಮೊಸರಿನಂತೆ ಬಿಳಿ ಒಡೆಯುತ್ತದೆ, ಅರ್ಧ ಗಂಟೆಯಲ್ಲಿ ಅದೇ ಕಪ್ಪಾಗಿ ಕೂರುತ್ತದೆ. ಅಂಗಾಂಶದ ಅಂಚಿನಾಚೆ, ಬರೀ ಗಾಜಿನ ಮೇಲೂ ಕಪ್ಪು ಚುಕ್ಕೆ ಕಂಡರೆ ಅದು ಇದೇ. ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ಜಾಲಿಸಿ. ನಿಮ್ಮ ಇಡಿಟಿಎ ಸ್ಲೈಡುಗಳನ್ನು ಎಸೆಯಬೇಡಿ: ಖನಿಜ ತೆಗೆದ ಸೆಕ್ಷನ್ ಕಪ್ಪಾಗಬಾರದು, ಪಕ್ಕದ ತೆಗೆಯದ ಸೆಕ್ಷನ್ ಆಗಬೇಕು. ಅದಕ್ಕಿಂತ ಒಳ್ಳೆಯ ಕಂಟ್ರೋಲ್ ಇಲ್ಲ.

ಮೀನ್‌ಮರಿ:

ಫಿಕ್ಸೆಟಿವ್‌ಗೆ ಪಿಎಚ್ ಕಾಗದ ಹಾಕಿದರೆ 6ರ ಹತ್ತಿರ ಬಂತು, ಉತ್ತರ ಸಿಕ್ಕಂತಾಯಿತು. ಇನ್ನೆರಡು ಪ್ರಶ್ನೆ. ಕೆಂಪು ಬಂದರೆ ಅದು ಹೈಡ್ರಾಕ್ಸಿಅಪಟೈಟ್ (ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ) ಅಂತ ಬರೆಯಬಹುದಾ? ಮತ್ತೆ, ಖನಿಜ ಕರಗಿದ್ದಕ್ಕೂ ನಿಜವಾಗಿ ಕೂರದೇ ಇದ್ದದ್ದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ?

ಹರಳುನೋಟ:

ಮೊದಲನೆಯದಕ್ಕೆ: ಬರೆಯಬೇಡಿ. ಅಲಿಜರಿನ್ ಹೇಳುವುದು ಇಲ್ಲಿ ಕ್ಯಾಲ್ಸಿಯಂ ಇದೆ ಅಂತ, ಅಷ್ಟೇ. ಓಟೋಲಿತ್ ಕೂಡ ಕೆಂಪಾಗುತ್ತದೆ, ಅದು ಅಪಟೈಟ್ ಅಲ್ಲ. ಕೋಶ ಕೃಷಿಯಲ್ಲಂತೂ ಬೀಟಾ-ಗ್ಲಿಸರೋಫಾಸ್ಫೇಟ್ 10 ಮಿಲಿಮೋಲಾರ್ ಹಾಕಿದ ತಟ್ಟೆಯಲ್ಲಿ, ಸತ್ತ ಕೋಶಗಳ ಮೇಲೆ ಸುಮ್ಮನೆ ಇಳಿದ ಕ್ಯಾಲ್ಸಿಯಂ ಫಾಸ್ಫೇಟ್ ಸಹ ಚೆಂದವಾಗಿ ಕೆಂಪಾಗುತ್ತದೆ. ಅದನ್ನು ಮೂಳೆ ಎಂದು ಕರೆದುಬಿಡುವವರು ಕಡಿಮೆಯಿಲ್ಲ.

ಧ್ರುವೀಕೃತ ಬೆಳಕು ಸ್ವಲ್ಪ ನೆರವಾಗುತ್ತದೆ, ಆದರೆ ಪ್ರಾಣಿ ನೋಡಿ ಬಳಸಿ. ಕಡಲುಕಂಟಕದ (ಸೀ ಅರ್ಚಿನ್) ಮರಿಯ ಅಸ್ಥಿಕಡ್ಡಿ ಕ್ಯಾಲ್ಸೈಟ್, ಅಂದರೆ ಹರಳಾದ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ದ್ವಿವಕ್ರೀಭವನ (ಬೆಳಕನ್ನು ಎರಡಾಗಿ ಸೀಳುವ ಗುಣ) ಸುಮಾರು 0.17. ಅಡ್ಡ ಇಟ್ಟ ಎರಡು ಪೋಲರೈಸರ್ ನಡುವೆ ವೇದಿಕೆ ತಿರುಗಿಸಿದರೆ, ಸೊಟ್ಟಪಟ್ಟ ಬೆಳೆದ ಇಡೀ ಕಡ್ಡಿ ಒಂದೇ ಹರಳಿನಂತೆ ಒಮ್ಮೆಗೇ ಆರಿ ಒಮ್ಮೆಗೇ ಬೆಳಗುತ್ತದೆ. ಕೋಶಗಳು ಮೊದಲು ಇಳಿಸುವ ಅಸ್ಫಟಿಕ (ಇನ್ನೂ ಹರಳಾಗದ) ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರ ಕತ್ತಲಾಗಿಯೇ ಉಳಿಯುತ್ತದೆ, ನೀರಿನ ಫಿಕ್ಸೆಟಿವ್‌ನಲ್ಲಿ ಕರಗಿ ಅಥವಾ ಹರಳಾಗಿ ಕೈತಪ್ಪುತ್ತದೆ. ಮೂಳೆಯಲ್ಲಿ ಹೊಳೆಯುವುದು ಬಹುಪಾಲು ಕೊಲಾಜನ್ ಎಳೆಗಳೇ. ಆ ಹೊಳಪು ನೋಡಿ ಖನಿಜದ ಲೆಕ್ಕ ಹಾಕಬಾರದು. ಖನಿಜ ಯಾವುದೆಂದು ಖಚಿತವಾಗಬೇಕಿದ್ದರೆ ರಾಮನ್ ಸ್ಪೆಕ್ಟ್ರಮ್ ತೆಗೆಯಿರಿ: ಅಪಟೈಟ್‌ನ ಫಾಸ್ಫೇಟ್ ಗೆರೆ ಸೆಂ.ಮೀ.ಗೆ 960ರ ಆಸುಪಾಸು, ಕ್ಯಾಲ್ಸೈಟ್‌ನ ಕಾರ್ಬೊನೇಟ್ ಗೆರೆ 1085ರ ಆಸುಪಾಸು.

ಎರಡನೆಯದು ಇನ್ನೂ ಒಳ್ಳೆಯ ಪ್ರಶ್ನೆ. ಮೂಳೆ ಕಟ್ಟುವ ಕೋಶ ಆಸ್ಟಿಯೋಬ್ಲಾಸ್ಟ್ ಮೊದಲು ಕೊಲಾಜನ್ ಹಾಸುತ್ತದೆ, ಖನಿಜ ತಡವಾಗಿ ಬರುತ್ತದೆ. ಪೈರೋಫಾಸ್ಫೇಟ್ ಆ ಖನಿಜವನ್ನು ತಡೆದು ಹಿಡಿದಿರುತ್ತದೆ. ಕ್ಷಾರೀಯ ಫಾಸ್ಫಟೇಸ್ ಕಿಣ್ವ ಅದನ್ನು ಒಡೆದ ಮೇಲೆ ದಾರಿ ತೆರೆಯುತ್ತದೆ. ಹಾಗಾಗಿ ಆಕಾರವಿದ್ದು ಕೆಂಪಿಲ್ಲದ ಮೂಳೆ ನಿಜವಾದ ದೋಷವೂ ಆಗಿರಬಹುದು. ಫಿಕ್ಸ್ ಆದ ಮರಿಯಿಂದ ಇದನ್ನು ಬಿಡಿಸಲು ಆಗದು, ಜೀವಂತ ಇರುವಾಗಲೇ ಗುರುತು ಹಾಕಬೇಕು. ಕ್ಯಾಲ್ಸಿಯಂಗೆ ಅಂಟಿ ಹಸಿರಾಗಿ ಹೊಳೆಯುವ ಶೇ. 0.2ರ ಕ್ಯಾಲ್ಸೀನ್‌ನಲ್ಲಿ ಮರಿಯನ್ನು ಹತ್ತು ನಿಮಿಷ ಈಜಲು ಬಿಟ್ಟು, ಶುದ್ಧ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಮಂಪರು ಬರಿಸಿ, ಹಸಿರು ಫ್ಲೋರೆಸೆನ್ಸ್ ಫಿಲ್ಟರ್‌ನಲ್ಲಿ ಚಿತ್ರ ತೆಗೆಯಿರಿ. ಆಮೇಲೆ ಅದೇ ಮರಿಯನ್ನು ಫಿಕ್ಸ್ ಮಾಡಿ ಅಲಿಜರಿನ್ ಹಾಕಿ. ಜೀವಂತ ಹಸಿರಿದ್ದು ಆಮೇಲೆ ಕೆಂಪಿಲ್ಲದಿದ್ದರೆ ತಪ್ಪು ನಿಮ್ಮ ದ್ರಾವಣದ್ದು. ಎರಡೂ ಇಲ್ಲದಿದ್ದರೆ ಮರಿಯದ್ದು.

ಸ್ಲೈಡುಪೆಟ್ಟಿಗೆ:

ಹರಳುನೋಟ ಅವರು ಬಿಟ್ಟ ಒಂದು ಮಾತು: ಕ್ಯಾಲ್ಸೀನ್ ಅನ್ನು ಬರೀ ನೀರಿಗೆ ಹಾಕಿದರೆ ದ್ರಾವಣ ಹುಳಿಯಾಗುತ್ತದೆ, ಮರಿಗಳು ಅದರಲ್ಲೇ ಸಾಯುತ್ತವೆ. ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಹಾಕಿ ಪಿಎಚ್ 7.0ರಿಂದ 7.5ರೊಳಗೆ ತಂದ ಮೇಲೆಯೇ ಮರಿ ಬಿಡಿ.

ಓರೆಬೆಳಕು:

ಬೆಳವಣಿಗೆಯ ವೇಗವೂ ಬೇಕಿದ್ದರೆ ಮೊದಲು ಕ್ಯಾಲ್ಸೀನ್, ಕೆಲವು ದಿನ ಬಿಟ್ಟು ತೆಳು ಅಲಿಜರಿನ್. ಹಸಿರು ಗೆರೆಯ ನಡುವಿನಿಂದ ಕೆಂಪು ಗೆರೆಯ ನಡುವಿಗೆ ಅಳೆಯಿರಿ, ಅಂಚಿನಿಂದ ಅಂಚಿಗಲ್ಲ. 4 ದಿನದ ಅಂತರಕ್ಕೆ 12 ಮೈಕ್ರಾನ್ ಸಿಕ್ಕರೆ ದಿನಕ್ಕೆ 3. ಸೆಕ್ಷನ್ ಓರೆಯಾಗಿ ಕೊಯ್ದಿದ್ದರೆ ಅಂತರ ಇರುವುದಕ್ಕಿಂತ ಹೆಚ್ಚೇ ತೋರುತ್ತದೆ. ಈ ಸ್ಲೈಡುಗಳನ್ನು ಕತ್ತಲಲ್ಲಿಡಿ, ಇಡಿಟಿಎ ಹತ್ತಿರ ಸುಳಿಯಲು ಬಿಡಬೇಡಿ: ಖನಿಜ ಹೋದರೆ ಗೆರೆಗಳೂ ಅದರ ಜೊತೆಗೇ ಹೋಗುತ್ತವೆ.