ವೆಬ್ ಇಎಂಆರ್‌ಗೆ ಹೋಗುವ ಮುಂಚೆ ಹಳೇ ಫೈಲ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿಸಬೇಕಾ?

ಪ್ರಶ್ನೆ: ನಮ್ಮದು ಇಬ್ಬರು ಡಾಕ್ಟರು, ಒಬ್ಬ ನರ್ಸ್, ಒಬ್ಬ ರಿಸೆಪ್ಷನಿಸ್ಟ್ ಇರುವ ಕ್ಲಿನಿಕ್. ಬ್ರೌಸರ್‌ನಲ್ಲೇ ನಡೆಯುವ ಇಎಂಆರ್ (ರೋಗಿಗಳ ದಾಖಲೆ ಇಡುವ ಸಾಫ್ಟ್‌ವೇರ್) ಹಾಕಿಸಬೇಕೆಂದಿದ್ದೇವೆ. ಕಪಾಟಿನ ತುಂಬ ಹಳೇ ಕೇಸ್ ಶೀಟ್‌ಗಳಿವೆ, ಎಲ್ಲವನ್ನೂ ಸ್ಕ್ಯಾನ್ ಮಾಡಿಸಿಯೇ ಶುರು ಮಾಡಬೇಕಾ? ಮಧ್ಯೆ ನೆಟ್ ಹೋದರೆ ಏನು ಮಾಡೋದು?

ಉತ್ತರ: ಎಲ್ಲವನ್ನೂ ಬೇಡ ಡಾಕ್ಟ್ರೇ. ಸ್ಕ್ಯಾನ್ ಮಾಡಿದ ಹಾಳೆ ಕಂಪ್ಯೂಟರಿಗೆ ಬರೀ ಚಿತ್ರ. ಅದರಲ್ಲಿ ಪೆನಿಸಿಲಿನ್ ಅಲರ್ಜಿ ಎಂದು ಕೆಂಪು ಶಾಯಿಯಲ್ಲೇ ಬರೆದಿರಲಿ, ನೀವು ಅದೇ ಗುಂಪಿನ ಅಮಾಕ್ಸಿಸಿಲಿನ್ ಬರೆಯುವಾಗ ಸಾಫ್ಟ್‌ವೇರ್ ತುಟಿ ಬಿಚ್ಚುವುದಿಲ್ಲ.

ನಾಳೆ ಬರುವವರ ಫೈಲ್‌ಗಳನ್ನು ಇವತ್ತೇ ತೆಗೆದಿಟ್ಟುಕೊಂಡು ಇಷ್ಟನ್ನು ಎಂಟ್ರಿ ಮಾಡಿ: ಅಲರ್ಜಿ, ಈಗ ತೆಗೆದುಕೊಳ್ಳುತ್ತಿರುವ ಔಷಧಿ (ಡೋಸ್ ಸಮೇತ), ದೀರ್ಘಕಾಲದ ಕಾಯಿಲೆ, ಆಗಿರುವ ಆಪರೇಷನ್, ಲಸಿಕೆ. ಅಲರ್ಜಿಯನ್ನೂ ಔಷಧಿಯನ್ನೂ ಪಟ್ಟಿಯಿಂದಲೇ ಆರಿಸಬೇಕು. ಷರಾ ಜಾಗದಲ್ಲಿ ಟೈಪ್ ಮಾಡಿದರೆ ಎಚ್ಚರಿಕೆ ಬರುವುದಿಲ್ಲ. ಅಲರ್ಜಿ ಇಲ್ಲದಿದ್ದರೆ ‘ಇಲ್ಲ’ ಎಂದೇ ಗುರುತು ಹಾಕಿ. ಖಾಲಿ ಬಿಟ್ಟರೆ ನಿಜಕ್ಕೂ ಅಲರ್ಜಿ ಇಲ್ಲವೋ, ಯಾರೂ ಕೇಳಲೇ ಇಲ್ಲವೋ ತಿಳಿಯದು.

ಸ್ಕ್ಯಾನ್ ಬೇಕಿರುವುದು ಕೊನೆಯ ಡಿಸ್ಚಾರ್ಜ್ ಸಮ್ಮರಿ, ಹಳೇ ಇಸಿಜಿ, ಬಯಾಪ್ಸಿ ವರದಿಗಳಿಗೆ. 300 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ) ಸಾಕು. ಸ್ಕ್ಯಾನ್ ಮಾಡಿದ ದಿನವಲ್ಲ, ವರದಿಯ ದಿನಾಂಕವನ್ನೇ ಹಾಕಿ. ಇಲ್ಲದಿದ್ದರೆ ಹಳೇ ಇಸಿಜಿ ಪಟ್ಟಿಯಲ್ಲಿ ಹೊಸದಾಗಿ ಮೇಲೆ ಕೂರುತ್ತದೆ.

ನೆಟ್ ವಿಷಯ: ಬೇರೆ ಕಂಪನಿಯ ಎರಡನೇ ಲೈನ್ ಅಥವಾ ಮೊಬೈಲ್ ಹಾಟ್‌ಸ್ಪಾಟ್ ಇರಲಿ, ಮೋಡೆಮ್ ಮತ್ತು ರೌಟರ್ ಎರಡಕ್ಕೂ ಯುಪಿಎಸ್ ಕೊಡಿ. ಪ್ರತಿ ಸಂಜೆ ಮರುದಿನದ ರೋಗಿಗಳ ಪಟ್ಟಿಯನ್ನು ಅಲರ್ಜಿ, ಔಷಧಿ ಸಮೇತ ಎನ್‌ಕ್ರಿಪ್ಟ್ ಆದ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ. ನೆಟ್ ಇಲ್ಲದಾಗ ಅಚ್ಚು ಹಾಕಿಸಿದ ಫಾರಂನಲ್ಲಿ ಬರೆದು, ಆಮೇಲೆ ರೋಗಿಯನ್ನು ನೋಡಿದ ನಿಜವಾದ ಸಮಯ ನಮೂದಿಸಿ ಏರಿಸಿ.

ಪ್ರಶ್ನೆ: ರೋಗಿಗಳ ಹೆಸರು, ಫೋನ್ ನಂಬರ್ ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿವೆ. ಎಕ್ಸೆಲ್ ಮೂಲಕ ತರಬಹುದೇ ಸರ್?

ಉತ್ತರ: ತರಬಹುದು, ಆದರೆ ಅಲ್ಲಿಂದ ಬರುವ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿ) ಫೈಲನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆಯಬೇಡಿ. 00417 ಎಂಬ ರೋಗಿ ಸಂಖ್ಯೆ 417 ಆಗಿಬಿಡುತ್ತದೆ. 03/04 ಏಪ್ರಿಲ್ 3ರ ಬದಲು ಮಾರ್ಚ್ 4 ಆಗಬಹುದು. ಇಂಪೋರ್ಟ್ ಮಾಡುವಾಗ ಆ ಕಾಲಂಗಳನ್ನು ಟೆಕ್ಸ್ಟ್ ಎಂದೇ ಆರಿಸಿ. ದಿನಾಂಕ ವರ್ಷ-ತಿಂಗಳು-ದಿನ ಕ್ರಮದಲ್ಲಿರಲಿ. ಮೊದಲು 20 ಜನರನ್ನಷ್ಟೇ ಹಾಕಿ, ಒಂದೊಂದಾಗಿ ತಾಳೆ ನೋಡಿ. ಒಂದೇ ಹೆಸರಿನವರು, ಒಂದೇ ಫೋನ್ ನಂಬರ್ ಇರುವ ಮನೆಯವರು ಅದರಲ್ಲಿ ಇರಲೇಬೇಕು. ಎರಡು ದಾಖಲೆ ಒಬ್ಬರದೇನಾ ಎಂಬ ಅನುಮಾನವಿದ್ದರೆ ಎರಡೂ ಹಾಗೇ ಇರಲಿ. ತಪ್ಪಾಗಿ ಒಂದಾಗಿಸಿದ ಇಬ್ಬರ ದಾಖಲೆಯನ್ನು ಬೇರ್ಪಡಿಸುವುದು ಬಹಳ ಕಷ್ಟ, ಅಪಾಯವೂ ಹೌದು.

ಇನ್ನೊಬ್ಬರ ಉತ್ತರ: ಕರಾರಿಗೆ ಸಹಿ ಹಾಕುವ ಮುಂಚೆ ಡೆಮೊದಲ್ಲೇ ಒಬ್ಬ ರೋಗಿಯ ಪೂರ್ತಿ ದಾಖಲೆ ಎಕ್ಸ್‌ಪೋರ್ಟ್ ಮಾಡಿಸಿ ನೋಡಿ. ಪಿಡಿಎಫ್ ಮಾತ್ರ ಬಂದರೆ ಮುಂದೆ ಬೇರೆ ಸಾಫ್ಟ್‌ವೇರ್‌ಗೆ ಹೋಗುವಾಗ ಎಲ್ಲ ಮತ್ತೆ ಟೈಪ್ ಮಾಡಬೇಕು. ಸಿಎಸ್‌ವಿ ಅಥವಾ ಎಫ್‌ಎಚ್‌ಐಆರ್ (ಆರೋಗ್ಯ ದಾಖಲೆಗಳನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಕೊಡುವ ಮಾನಕ) ರೂಪದಲ್ಲಿ ಬರಬೇಕು, ಲಗತ್ತಿಸಿದ ಫೈಲ್‌ಗಳಿಗೂ ರೋಗಿ ಸಂಖ್ಯೆ ಅಂಟಿಕೊಂಡಿರಬೇಕು. ಮತ್ತೆ, ನಾಲ್ಕು ಜನರಿಗೂ ಬೇರೆ ಬೇರೆ ಲಾಗಿನ್ ಕೊಡಿ. ಒಂದೇ ಪಾಸ್‌ವರ್ಡ್ ಎಲ್ಲರೂ ಬಳಸಿದರೆ, ಡೋಸ್ ತಿದ್ದಿದ್ದು ಯಾರು ಎಂದು ನೋಡಲು ಹೋದಾಗ ಆಡಿಟ್ ಲಾಗ್‌ನಲ್ಲಿ ಒಂದೇ ಹೆಸರು ಸಿಗುತ್ತದೆ.